ನೋಟೀಸು ಕೊಟ್ಟರಂತೆ!

ನಮ್ಮ ಮನೆಗೂ ಪಕ್ಕದ ಮನೆಗೂ ನಡುವಿನ ಕಾಂಪೌಂಡು ಗೋಡೆ ಎದೆಮಟ್ಟದ್ದು. ಕಟ್ಟಿಸುವಾಗ ಇಟ್ಟಿಗೆ ಸಾಲದೆ ಅಷ್ಟಕ್ಕೇ ನಿಂತಿತು ಅನ್ನುತ್ತಾರೆ ಪಕ್ಕದವರು. ದುಡ್ಡು ಸಾಲದೆ ಅನ್ನುತ್ತೇನೆ ನಾನು. ಏನೇ ಇರಲಿ, ಅದು ಇನ್ನೆರಡು ಅಡಿ ಎದ್ದಿದ್ದರೆ ಈ ಹರಟೆ ಹುಟ್ಟುತ್ತಿರಲಿಲ್ಲ. ದಾಸವಾಳದ ಗಿಡ ನಮ್ಮದು, ಹೂವೆಲ್ಲ ಅವರ ದೇವರಿಗೆ. ಕರಿಬೇವಿನ ಮರ ಅವರದು, ಎಲೆಯೆಲ್ಲ ನಮ್ಮ ಒಗ್ಗರಣೆಗೆ. ಈ ಒಪ್ಪಂದಕ್ಕೆ ಛಾಪಾ ಕಾಗದವಿಲ್ಲ, ಸಾಕ್ಷಿಯಿಲ್ಲ, ಅವಧಿಯಿಲ್ಲ. ಹತ್ತೊಂಬತ್ತು ವರ್ಷದಿಂದ ನಡೆದುಕೊಂಡು ಬಂದಿದೆ.

ಪಕ್ಕದವರು ಪೋಸ್ಟ್‌ಮನ್ ಆಗಿದ್ದು ನಿವೃತ್ತರಾದವರು. ಬೀದಿಗೆಲ್ಲ ‘ಅಂಚೆಯಣ್ಣ’. ನಾನು ಗಾಂಧಿನಗರದ ವಕೀಲರೊಬ್ಬರ ಆಫೀಸಿಗೆ ಟೈಪಿಸ್ಟಾಗಿ ಸೇರಿ, ಗುಮಾಸ್ತನಾಗಿ, ಕಣ್ಣಿನ ಪವರು ಏರಿಸಿಕೊಂಡು ಹೊರಬಂದವನು. ನಾನು ಟೈಪು ಮಾಡಿದ ನೋಟೀಸುಗಳಲ್ಲಿ ಕೆಲವನ್ನಾದರೂ ಅವರೇ ಸೈಕಲ್ಲಿನ ಮೇಲೆ ಹೊತ್ತುಕೊಂಡು ಹೋಗಿ ಜನರ ಕೈಗೆ ಕೊಟ್ಟಿರಬೇಕು. ‘ಬರೆದವರು ನೀವು, ಬೈಸಿಕೊಂಡವನು ನಾನು’ ಎಂದು ಆಗಾಗ ಲೆಕ್ಕ ತೆಗೆಯುತ್ತಾರೆ.

ಮೊನ್ನೆ ಬೆಳಿಗ್ಗೆ ಹೂ ಬಿಡಿಸುತ್ತಿದ್ದರು. ‘ಮಹಡಿ ಮನೆ ಹುಡುಗ ನೋಟೀಸು ಕೊಟ್ಟಿದಾನೆ ಅಂಚೆಯಣ್ಣ’ ಎಂದೆ.

ಅವರ ಕೈ ಹೂವಿನ ಮೇಲೇ ನಿಂತಿತು. ‘ಅಯ್ಯೋ ಶಿವನೆ! ಅಂಥಾ ಸಾಧು ಹುಡುಗ. ಏನಾಯ್ತು, ನೀರಿನ ವಿಚಾರಕ್ಕೆ ಜಗಳ ಆಯ್ತಾ?’

ಜಗಳವೇನೂ ಆಗಿರಲಿಲ್ಲ. ಹುಡುಗನಿಗೆ ಪುಣೆಗೆ ವರ್ಗವಾಗಿತ್ತು. ವಾಟ್ಸಾಪಿನಲ್ಲಿ ಎರಡು ಸಾಲು ಕಳಿಸಿದ್ದ: ಅಂಕಲ್, ಕರಾರಿನ ಪ್ರಕಾರ ಇವತ್ತಿನಿಂದ ಒಂದು ತಿಂಗಳಿಗೆ ಮನೆ ಖಾಲಿ ಮಾಡುತ್ತೇವೆ ಎಂದು. ಕೊನೆಗೆ ಕೈಮುಗಿದ ಚಿತ್ರ ಬೇರೆ. ಆದರೂ ಅಂಚೆಯಣ್ಣ ಹಾಗೆ ಬೆಚ್ಚಿಬಿದ್ದದ್ದರಲ್ಲಿ ತಪ್ಪಿಲ್ಲ. ನಮ್ಮಲ್ಲಿ ‘ನೋಟೀಸು ಕೊಟ್ಟರಂತೆ’ ಎಂದರೆ ಮಾತು ಮುರಿಯಿತು, ಇನ್ನು ಕೋರ್ಟೇ ಗತಿ ಎಂದೇ ಅರ್ಥ. ‘ಹುಚ್ಚು ನಾಯಿ ಕಚ್ಚಿತಂತೆ’ ಎನ್ನುವಾಗಿನ ದನಿಯಲ್ಲೇ ಅದನ್ನೂ ಹೇಳುತ್ತೇವೆ. ಸರಕಾರಿ ಕನ್ನಡದಲ್ಲಿ ಇದೇ ಕಾಗದಕ್ಕೆ ‘ತಿಳುವಳಿಕೆ ಪತ್ರ’ ಎಂಬ ಹೆಸರಿದೆ. ಎಷ್ಟು ಸೌಮ್ಯವಾದ ಹೆಸರು! ಆದರೆ ತಿಳುವಳಿಕೆ ಪತ್ರ ಬಂತು ಎಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಬರುವುದು ನೋಟೀಸೇ.

‘ಕರಾರಿನಲ್ಲಿ ಒಂದು ತಿಂಗಳು ಅಂತ ಬರೆಸಿದ್ರಾ? ಎರಡು ಬರೆಸಬಹುದಾ?’ ಎಂದರು ಅಂಚೆಯಣ್ಣ. ಇತ್ತೀಚೆಗೆ ಅವರಿಗೆ ಬಾಡಿಗೆ ಕರಾರಿನ ಬಗ್ಗೆ ವಿಪರೀತ ಕುತೂಹಲ. ಅಡ್ವಾನ್ಸ್ ಎಷ್ಟು ತಿಂಗಳದ್ದು, ಬಣ್ಣಕ್ಕೆ ಎಷ್ಟು ಹಿಡಿಯುತ್ತಾರೆ, ಬ್ರೋಕರಿಗೆ ಎಷ್ಟು ಎಂದೆಲ್ಲ ಕೇಳುತ್ತಿರುತ್ತಾರೆ. ಕೆಲಸವಿಲ್ಲದವರಿಗೆ ಲೋಕದ ಕುತೂಹಲ ಎಂದುಕೊಂಡು ನಾನೂ ಉತ್ಸಾಹದಿಂದ ಹೇಳುತ್ತಿರುತ್ತೇನೆ. ಗುಮಾಸ್ತನ ಬಾಯಿ ಹೇಳಿ ಕೇಳಿ ನೀರಿಲ್ಲದ ನಲ್ಲಿ. ಯಾರಾದರೂ ತಿರುಗಿಸಿದರೆ ಸದ್ದಂತೂ ಬಂದೇ ಬರುತ್ತದೆ.

ನಾವೂ ಬಾಡಿಗೆ ಮನೆಗಳಲ್ಲೇ ಅರ್ಧ ಆಯುಸ್ಸು ಕಳೆದವರು. ಆ ಕಾಲದ ಮಾಲೀಕರು ಯಾರೂ ನೋಟೀಸು ಕೊಡುತ್ತಿರಲಿಲ್ಲ. ಕೊಡಲು ದಾಕ್ಷಿಣ್ಯ. ಅದರ ಬದಲು ಸೂಚನೆ ಕೊಡುತ್ತಿದ್ದರು. ಶ್ರೀರಾಮಪುರದ ಮನೆಯ ಯಜಮಾನಿ ಅಜ್ಜಿ, ನಾನು ತಿಂಗಳ ಬಾಡಿಗೆ ಕೊಡಲು ಹೋದಾಗಲೆಲ್ಲ, ನೋಟು ಎಣಿಸುತ್ತ, ‘ನಮ್ಮಣ್ಣನ ಮಗನಿಗೆ ಇಲ್ಲಿಗೇ ವರ್ಗ ಆಗತ್ತಂತಪ್ಪ’ ಅನ್ನುತ್ತಿದ್ದರು. ಬಹಳ ಸಂತೋಷ ಅಜ್ಜಿ ಎಂದು ಬರುತ್ತಿದ್ದೆ. ಎರಡು ತಿಂಗಳಾದ ಮೇಲೆ ಬಟ್ಟೆ ಒಣಗಿಸುವ ಹಗ್ಗ ಮಾಯವಾಯಿತು. ಆಮೇಲೆ ಸಂಪಿನ ಮುಚ್ಚಳಕ್ಕೆ ಬೀಗ ಬಿತ್ತು. ಆಮೇಲೆ ನಮ್ಮ ಮಗು ಓಡಾಡಿದರೆ ಅಜ್ಜಿಗೆ ತಲೆನೋವು ಬರತೊಡಗಿತು. ಅಣ್ಣನ ಮಗನ ವರ್ಗವೆಂದರೆ ನಮ್ಮ ವರ್ಗ ಎಂದು ನನ್ನಾಕೆಗೆ ಹೊಳೆಯುವ ಹೊತ್ತಿಗೆ ಎಂಟು ತಿಂಗಳು ಕಳೆದಿತ್ತು. ಅಷ್ಟರಲ್ಲಿ ಎರಡು ಮನೆಗೂ ಮಾತು ನಿಂತಿತ್ತು. ಮೊದಲನೆಯ ದಿನವೇ ಅಜ್ಜಿ ಒಂದು ಚೀಟಿ ಬರೆದು ಕೊಟ್ಟಿದ್ದರೆ ನಾವು ಮನೆ ಬಿಟ್ಟ ಮೇಲೂ ಸಂಕ್ರಾಂತಿಗೆ ಎಳ್ಳು ಬೀರಲು ಹೋಗುತ್ತಿದ್ದೆವೇನೋ.

ಅದಕ್ಕೇ ನನಗೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಮೇಲೆ ಒಂದು ಬಗೆಯ ಪ್ರೀತಿ. ಅದರ 106ನೇ ಕಲಮು ದಾಕ್ಷಿಣ್ಯವಿಲ್ಲದ್ದು. ಬೇರೆ ಕರಾರು ಇಲ್ಲದಿದ್ದರೆ ವಾಸದ ಮನೆ, ಅಂಗಡಿಗಳ ಬಾಡಿಗೆ ತಿಂಗಳಿಂದ ತಿಂಗಳಿಗೆ ಎಂದು ಲೆಕ್ಕ. ಮಾಲೀಕನಾಗಲಿ ಬಾಡಿಗೆದಾರನಾಗಲಿ ಹದಿನೈದು ದಿನದ ನೋಟೀಸು ಕೊಟ್ಟು ಮುಗಿಸಬಹುದು. ಬೇಸಾಯದ ಜಮೀನು, ಕಾರ್ಖಾನೆಯ ಜಾಗವಾದರೆ ವರ್ಷದ ಲೆಕ್ಕ, ಆರು ತಿಂಗಳ ನೋಟೀಸು. ಬೆಳೆ ಕುಯ್ಯಲು, ಯಂತ್ರ ಕೀಳಲು ಅಷ್ಟು ಬೇಕಲ್ಲ. ನಮ್ಮ ಕರ್ನಾಟಕದಲ್ಲಿ ಹೊಲದ ಗೇಣಿಯ ಮಟ್ಟಿಗೆ ಆ ಆರು ತಿಂಗಳು ಓದುವುದಕ್ಕೆ ಮಾತ್ರ. 1974ರ ಮಾರ್ಚ್ 1ರಿಂದ ಭೂ ಸುಧಾರಣೆಯಡಿ ಗೇಣಿ ಪದ್ಧತಿಯೇ ಹೋಯಿತು; ಧಣಿಗೆ ನೋಟೀಸು ಕೊಟ್ಟದ್ದು ಸರಕಾರ!

ನೋಟೀಸು ಬರವಣಿಗೆಯಲ್ಲಿರಬೇಕು, ಕೊಡುವವರ ಸಹಿ ಇರಬೇಕು. ಅಂಚೆಯಲ್ಲಿ ಕಳಿಸಬಹುದು, ಕೈಗೆ ಕೊಡಬಹುದು, ಮನೆಯವರ ಅಥವಾ ಆಳಿನ ಕೈಗೂ ಕೊಡಬಹುದು. ಇದಾವುದೂ ಸಾಧ್ಯವಾಗದಿದ್ದರೆ ಎದ್ದು ಕಾಣುವ ಕಡೆ ಅಂಟಿಸಬಹುದು. ಇಷ್ಟೇ. ಅಣ್ಣನ ಮಗನ ವರ್ಗದ ಸುದ್ದಿ ಹೇಳಬಹುದು ಎಂದು ಅದರಲ್ಲಿ ಇಲ್ಲ. ಕೈಮುಗಿದ ಚಿತ್ರವೂ ಇಲ್ಲ. ಕರಾರಿನಲ್ಲೇ ‘ಇಮೇಲಿನಲ್ಲಿ, ಮೊಬೈಲಿನಲ್ಲಿ ತಿಳಿಸಬಹುದು’ ಎಂದು ಬರೆಸಿಕೊಂಡಿದ್ದರೆ ಬೇರೆ ಮಾತು. ಇಲ್ಲದಿದ್ದರೆ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ ಕೊಡಪ್ಪ ಎಂದು ಹುಡುಗನಿಗೆ ಹೇಳಿದೆ. ಅವನಿಗೆ ಪೆನ್ನು ಸಿಗಲಿಲ್ಲ. ನನ್ನದನ್ನೇ ಕೊಟ್ಟೆ.

‘ಹದಿನೈದು ದಿನದಲ್ಲಿ ಈ ಬೆಂಗಳೂರಲ್ಲಿ ಮನೆ ಸಿಗತ್ತಾ?’ ಎಂದು ಅಂಚೆಯಣ್ಣ ಕೇಳಿದರು.

ಸಿಗುವುದಿಲ್ಲ. ಅದಕ್ಕೇ ಕರಾರಿನಲ್ಲಿ ಒಂದೋ ಎರಡೋ ತಿಂಗಳು ಎಂದು ಬರೆಸುವುದು. ಬರೆಸಿದರೆ ಅದೇ ನಡೆಯುತ್ತದೆ. ಆದರೆ ನಮ್ಮ ಜನ ಕರಾರನ್ನು ಓದುವುದು ಜಗಳವಾದ ಮೇಲೆ. ಸಹಿ ಹಾಕುವಾಗ ಎಲ್ಲರ ಕಣ್ಣೂ ಅಡ್ವಾನ್ಸಿನ ಸೊನ್ನೆಗಳ ಮೇಲೆ. ಹನ್ನೊಂದು ತಿಂಗಳಿಗೇ ಏಕೆ ಬರೆಯುತ್ತಾರೆಂದು ಕೇಳಿ ನೋಡಿ, ಹತ್ತರಲ್ಲಿ ಒಂಬತ್ತು ಜನ ‘ಅದೇ ಫಾರ್ಮ್ಯಾಟು’ ಅನ್ನುತ್ತಾರೆ. ವರ್ಷ ದಾಟಿದ ಗುತ್ತಿಗೆಯನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬೇಕು; ಆ ಖರ್ಚು, ಆ ಓಡಾಟ ತಪ್ಪಿಸಿಕೊಳ್ಳಲು ಒಂದು ತಿಂಗಳು ಕಳೆದು ಬರೆಯುವ ಜಾಣತನ ಅದು. ಹನ್ನೊಂದು ತಿಂಗಳು ಮುಗಿದ ಮೇಲೆ ಹೊಸ ಕರಾರು ಮಾಡದೆ ಮಾಲೀಕ ಬಾಡಿಗೆ ತೆಗೆದುಕೊಳ್ಳುತ್ತ ಹೋದರೆ, ಬಾಡಿಗೆದಾರ ಮತ್ತೆ ತಿಂಗಳಿಂದ ತಿಂಗಳ ಲೆಕ್ಕಕ್ಕೆ ಬರುತ್ತಾನೆ. ನಗರದ ಅರ್ಧಕ್ಕರ್ಧ ಬಾಡಿಗೆ ಮನೆಗಳು ಹೀಗೆ ಮುಗಿದ ಕರಾರಿನ ಮೇಲೇ ನಡೆಯುತ್ತಿವೆ ಎಂದು ನನ್ನ ಗುಮಾನಿ.

ಈ 106ರದ್ದೇ ಒಂದು ದೊಡ್ಡ ಕಥೆ. ಬಾಡಿಗೆ ನಿಯಂತ್ರಣ ಕಾಯ್ದೆಗಳು ಬಾಡಿಗೆದಾರನನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ ಕಾಲದಲ್ಲಿ, ಆ ಕಾಯ್ದೆಯಡಿ ಬಿಡಿಸುವುದಾದರೆ 106ರ ನೋಟೀಸು ಬೇಕಿಲ್ಲ ಎಂದು 1979ರಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಹೇಳಿತು. ನಮ್ಮ ವಕೀಲರು ಆ ತೀರ್ಪಿಗೆ ಕಿವಿಗೊಡದೆ ನೋಟೀಸು ಕಳಿಸುತ್ತಲೇ ಇದ್ದರು. ನೋಟೀಸಿಗೆ ಫೀಸು ಬೇರೆ ಇರುತ್ತಿತ್ತಲ್ಲ. ಆಮೇಲೆ ಬಂದ ಕರ್ನಾಟಕ ಬಾಡಿಗೆ ಕಾಯ್ದೆ, 1999, ತಿಂಗಳ ಬಾಡಿಗೆ 3500 ರೂಪಾಯಿ ದಾಟಿದರೆ ಬೆಂಗಳೂರಿನಂಥ ಊರಿನಲ್ಲಿ ಅನ್ವಯಿಸುವುದಿಲ್ಲ. ಈಗ ಆ ದುಡ್ಡಿಗೆ ಇಲ್ಲಿ ಕಾರು ನಿಲ್ಲಿಸಲೂ ಜಾಗ ಸಿಕ್ಕದು. ಹೀಗೆ ಮುಂಬಾಗಿಲಿಂದ ಹೊರಟಿದ್ದ ಬ್ರಿಟಿಷರ ಕಾಲದ ಕಲಮು ಹಿತ್ತಲ ಬಾಗಿಲಿಂದ ಬಂದು ನಡುಮನೆಯಲ್ಲಿ ಕೂತಿದೆ.

ಅದರಲ್ಲಿ ಮೊದಲು ಒಂದು ಮುಳ್ಳಿತ್ತು. ನೋಟೀಸಿನ ಗಡುವು ಬಾಡಿಗೆಯ ತಿಂಗಳು ಮುಗಿಯುವ ದಿನವೇ ಮುಗಿಯಬೇಕು ಎಂಬುದು. ಬಾಡಿಗೆ ಐದನೇ ತಾರೀಖಿನಿಂದ ಶುರುವಾಗಿದ್ದರೆ ತಿಂಗಳು ನಾಲ್ಕಕ್ಕೆ ಮುಗಿಯುತ್ತದೆ. ಮಾಲೀಕ ಲೆಕ್ಕ ತಪ್ಪಿ ಬೇರೊಂದು ತಾರೀಖು ಹಾಕಿದರೆ ಎದುರು ವಕೀಲರು ಅಷ್ಟರ ಮೇಲೇ ದಾವೆ ಮಗುಚಿಹಾಕುತ್ತಿದ್ದರು. ಐದಾರು ವರ್ಷ ನಡೆದ ಕೇಸು, ಒಂದು ದಿನದ ಲೆಕ್ಕಕ್ಕೆ! ಅದಕ್ಕೇ ನಮ್ಮ ಸಾಹೇಬರು ಪ್ರತಿ ನೋಟೀಸಿಗೂ ಒಂದು ಬಾಲ ಸೇರಿಸಿ ಹೇಳಿಕೊಡುತ್ತಿದ್ದರು: ಇಂಥ ದಿನದೊಳಗೆ, ಅಥವಾ ನಿಮ್ಮ ಬಾಡಿಗೆ ತಿಂಗಳು ಯಾವತ್ತು ಮುಗಿಯುತ್ತದೆಂದು ನೀವು ಹೇಳುತ್ತೀರೋ ಅಂದು, ಖಾಲಿ ಮಾಡತಕ್ಕದ್ದು. ಆ ಬಾಲವನ್ನು ಎಷ್ಟು ಸಲ ಟೈಪು ಮಾಡಿದ್ದೇನೋ, ಈಗಲೂ ನಿದ್ದೆಯಲ್ಲಿ ಬೆರಳು ಆಡುತ್ತವಂತೆ. ನೋಟೀಸನ್ನು ತಪ್ಪು ಹುಡುಕುವ ಕಣ್ಣಿನಿಂದ ಓದಬಾರದು, ಅದು ಹೇಳಹೊರಟದ್ದನ್ನು ನೋಡಬೇಕು ಎಂಬರ್ಥದ ಮಾತನ್ನು ಲಂಡನ್ನಿನ ಪ್ರಿವಿ ಕೌನ್ಸಿಲ್ 1918ರಷ್ಟು ಹಿಂದೆಯೇ ಹೇಳಿತ್ತು. ಕೇಳುವವರು ಯಾರು? 2003ರ ತಿದ್ದುಪಡಿ ಬಂದ ಮೇಲೆ ಮುಳ್ಳು ಮುರಿಯಿತು. ಈಗ ಹದಿನೈದು ದಿನವೆಂದರೆ ನೋಟೀಸು ತಲುಪಿದ ದಿನದಿಂದ ಹದಿನೈದು. ನೋಟೀಸಿನಲ್ಲಿ ಗಡುವು ಕಡಿಮೆ ಬರೆದಿದ್ದರೂ, ಪೂರ್ತಿ ಅವಧಿ ಕಳೆದ ಮೇಲೆ ದಾವೆ ಹಾಕಿದ್ದರೆ ಸಾಕು. ಎಷ್ಟೋ ವಕೀಲರ ಒಂದು ಮೆಚ್ಚಿನ ವಾದವೇ ಹೀಗೆ ಹೊಟ್ಟೆಗಿಲ್ಲದೆ ಸತ್ತಿತು. ನನಗೆ ಅಷ್ಟೇನೂ ದುಃಖವಾಗಲಿಲ್ಲ.

‘ನೀವು ಹೇಳೋದೆಲ್ಲ ಆಫೀಸಿನೊಳಗಿನ ಕಥೆ ಸ್ವಾಮಿ. ಬಾಗಿಲಿನ ಕಥೆ ನನ್ನನ್ನ ಕೇಳಿ’ ಎಂದು ಅಂಚೆಯಣ್ಣ ಹೂಬುಟ್ಟಿಯನ್ನು ಗೋಡೆಯ ಮೇಲಿಟ್ಟರು. ಬುಟ್ಟಿ ಗೋಡೆ ಹತ್ತಿತೆಂದರೆ ಕಾಫಿ ಬರುವವರೆಗೂ ಇಳಿಯುವುದಿಲ್ಲ.

ವಕೀಲರ ಲಕೋಟೆಯನ್ನು ಜನ ವಾಸನೆಯಲ್ಲೇ ಗುರುತಿಸುತ್ತಿದ್ದರಂತೆ. ಉದ್ದನೆಯ ಕಂದು ಲಕೋಟೆ, ಬೆನ್ನಿಗೆ ಸ್ವೀಕೃತಿ ಕಾರ್ಡು ಅಂಟಿದ ರಿಜಿಸ್ಟರ್ಡ್ ಪೋಸ್ಟ್. ಸೈಕಲ್ ಬೆಲ್ಲು ಕೇಳಿದೊಡನೆ ಹೊರಗೆ ಬಂದ ಯಜಮಾನ, ಲಕೋಟೆಯ ಬಣ್ಣ ಕಂಡೊಡನೆ ‘ಯಜಮಾನರು ಊರಲ್ಲಿಲ್ಲ’ ಅನ್ನುತ್ತಿದ್ದ. ‘ತಾವು?’ ಎಂದರೆ ‘ನಾನು ಅವರ ತಮ್ಮ’. ಅದೇ ತಮ್ಮ ಹಿಂದಿನ ವಾರ ಅಣ್ಣನ ಹೆಸರಿನ ಮನಿ ಆರ್ಡರಿಗೆ ಸಹಿ ಹಾಕಿ ದುಡ್ಡು ಎಣಿಸಿಕೊಂಡಿದ್ದು ಅಂಚೆಯಣ್ಣನಿಗೆ ಗೊತ್ತು. ಆದರೂ ಮೂರು ದಿನ ಹೋಗಿ ಬಂದು, ‘ಬಾಗಿಲು ಹಾಕಿದೆ’, ‘ವಿಳಾಸದಾರರು ಸ್ಥಳದಲ್ಲಿಲ್ಲ’, ಕೊನೆಗೆ ‘ತೆಗೆದುಕೊಳ್ಳಲು ನಿರಾಕರಿಸಿದರು’ ಎಂದು ಷರಾ ಬರೆದು ವಾಪಸು ಕಳಿಸುತ್ತಿದ್ದರಂತೆ. ‘ಒಬ್ಬ ಮಹಾರಾಯ ಬಾತ್‌ರೂಮಿಗೆ ಓಡಿಹೋಗಿ ಚಿಲಕ ಹಾಕ್ಕೊಂಡ. ನಾನು ಹೊರಗಿಂದ ಕೂಗಿ ಹೇಳಿದೆ, ಸಾರ್, ನಿಮ್ಮ ಮಗಳಿಗೆ ಬ್ಯಾಂಕಿನ ಇಂಟರ್‌ವ್ಯೂ ಕಾಗದವೂ ಬಂದಿದೆ ಅಂತ. ಸೋಪು ಹಚ್ಚಿದ ಮುಖದಲ್ಲೇ ಬಂದ.’

‘ನಿಜವಾಗಿ ಬಂದಿತ್ತಾ?’

‘ಬಂದಿತ್ತು ಸ್ವಾಮಿ! ಸುಳ್ಳು ಹೇಳೋದು ನಿಮ್ಮ ಇಲಾಖೆ.’

ಅವರ ಷರಾದ ಬೆಲೆ ಎಷ್ಟೆಂದು ಅವರಿಗೆ ಗೊತ್ತಿಲ್ಲ. 1897ರ ಸಾಮಾನ್ಯ ಖಂಡಗಳ ಕಾಯ್ದೆಯ ಪ್ರಕಾರ, ಸರಿಯಾದ ವಿಳಾಸ ಬರೆದು, ಅಂಚೆ ವೆಚ್ಚ ತುಂಬಿ ರಿಜಿಸ್ಟರ್ ಮಾಡಿ ಕಳಿಸಿದ ಕಾಗದ, ತಲುಪಲಿಲ್ಲವೆಂದು ಎದುರಿನವರು ತೋರಿಸುವ ತನಕ, ತಲುಪಿದ ಹಾಗೇ. ತೆಗೆದುಕೊಳ್ಳುವುದಿಲ್ಲ ಎಂದು ತಳ್ಳಿದರೂ ತಲುಪಿದ ಹಾಗೇ, ಒಳಗೆ ಬರೆದದ್ದು ತಿಳಿದ ಹಾಗೇ ಎಂದು 1981ರಲ್ಲಿ ಸುಪ್ರೀಂ ಕೋರ್ಟು ಬಾಡಿಗೆಯ ಪ್ರಕರಣವೊಂದರಲ್ಲೇ ಹೇಳಿತು. ಅಂದರೆ ಬಾತ್‌ರೂಮಿನಲ್ಲಿ ಚಿಲಕ ಹಾಕಿಕೊಂಡವನು ಒದ್ದೆಯಾದದ್ದಷ್ಟೇ ಲಾಭ. ಇದನ್ನು ಹೇಳಿದಾಗ ಅಂಚೆಯಣ್ಣ ಕೊಂಚ ಹೊತ್ತು ಸುಮ್ಮನಿದ್ದು, ‘ಹಾಗಾದ್ರೆ ತಗೊಳ್ಳಲ್ಲ ಅಂದ್ರೂ ತಗೊಂಡ ಹಾಗೇ ಅನ್ನಿ’ ಎಂದು ತಮ್ಮಲ್ಲೇ ಎರಡು ಸಲ ಹೇಳಿಕೊಂಡರು. ಮಾತು ಅವರಿಗೆ ಬಹಳ ಹಿಡಿಸಿದ ಹಾಗಿತ್ತು.

ಅವರಿಗೆ ಈಗ ಉಳಿದಿರುವ ಸಂಕಟವೆಂದರೆ ರಿಜಿಸ್ಟರ್ಡ್ ಪೋಸ್ಟೇ ಹೋಯಿತಲ್ಲ ಎಂಬುದು. 2025ರಲ್ಲಿ ಅದನ್ನು ಸ್ಪೀಡ್ ಪೋಸ್ಟಿನೊಳಗೆ ಸೇರಿಸಿಬಿಟ್ಟರು. ಅದು ಜಾರಿಗೆ ಬಂದ ದಿನ ಬೆಳಿಗ್ಗೆ ಅವರು ಹೂ ಬಿಡಿಸಲು ಬರಲಿಲ್ಲ. ಮೈಲಿಗೆಯೇನೋ ಎಂದು ನನ್ನಾಕೆ ಅಂದುಕೊಂಡಿದ್ದಳು. ಸುಮಾರಾಗಿ ಹಾಗೇ.

ಕಾಫಿ ಬಂತು. ಕಾಫಿ ಬಂದಾಗ ಮಾತು ಕಾನೂನಿನಿಂದ ಮೂರ್ಖತನಕ್ಕೆ ಇಳಿಯುವುದು ವಾಡಿಕೆ. ನಮ್ಮ ಆಫೀಸಿನ ಕಕ್ಷಿದಾರರೊಬ್ಬರು ಅಂಗಡಿ ಮಳಿಗೆ ಬಿಡಿಸಲು ಒಳ್ಳೆ ಖಡಕ್ ನೋಟೀಸು ಕೊಡಿಸಿದರು. ಗಡುವು ಮುಗಿಯಿತು. ಬಾಡಿಗೆದಾರ ಜಾಣ, ಮುಂದಿನ ತಿಂಗಳ ಒಂದನೇ ತಾರೀಖು ಎಂದಿನಂತೆ ತಟ್ಟೆಯಲ್ಲಿ ಹಣ್ಣು ಇಟ್ಟು ಬಾಡಿಗೆ ತಂದುಕೊಟ್ಟ. ಇವರು ಎಂದಿನಂತೆ ತೆಗೆದುಕೊಂಡು, ಎಂದಿನಂತೆ ‘ಬಾಡಿಗೆ ಸಂದಾಯ’ ಎಂದು ರಸೀತಿ ಬರೆದು ಕೊಟ್ಟರು. ನೋಟೀಸು ಕೊಟ್ಟ ಮೇಲೆ, ಬಾಡಿಗೆ ಮುಂದುವರಿಯುತ್ತಿದೆ ಎಂದು ತೋರುವಂತೆ ನಡೆದುಕೊಂಡರೆ ನೋಟೀಸು ಬಿಟ್ಟುಕೊಟ್ಟ ಹಾಗೆ ಎಂದು ಅದೇ 1882ರ ಕಾಯ್ದೆಯ 113ನೇ ಕಲಮು. ಸಾಹೇಬರು ತಲೆ ಚಚ್ಚಿಕೊಂಡರು. ‘ಹಣ್ಣು ತಿಂದೆ ಸಾರ್, ಅಷ್ಟೇ’ ಎಂದರು ಕಕ್ಷಿದಾರರು. ಆ ಮಳಿಗೆಯಲ್ಲಿ ಅದೇ ಬಾಡಿಗೆದಾರ ಮತ್ತೆ ಏಳು ವರ್ಷ ಇದ್ದ.

ಇನ್ನು ಕೆಲಸ ಬಿಡುವ ನೋಟೀಸು. ಇದು ನಮ್ಮ ಮಗಳ ವಿಷಯ. ಅವಳದು ಸಾಫ್ಟ್‌ವೇರು, ನೋಟೀಸ್ ಪೀರಿಯಡ್ಡು ತೊಂಬತ್ತು ದಿನ. ಹೊಸ ಕಂಪನಿಯವರು ‘ಮೂವತ್ತು ದಿನದಲ್ಲಿ ಬರಬೇಕು’ ಅನ್ನುತ್ತಾರೆ. ಅದೇ ಹೊಸ ಕಂಪನಿ, ತನ್ನಲ್ಲಿ ಕೆಲಸ ಬಿಡುವವರಿಗೆ ತೊಂಬತ್ತು ದಿನ ಹಾಕುತ್ತದೆ! ಸೊಸೆ ಬೇಗ ಬರಬೇಕು, ಮಗಳು ನಿಧಾನಕ್ಕೆ ಹೋಗಬೇಕು ಎಂಬ ಅತ್ತೆಯ ಹಾಗೆ. ಆ ಮೂರು ತಿಂಗಳು ಅವಳು ಆಫೀಸಿನಲ್ಲಿ ಇದ್ದೂ ಇಲ್ಲದವಳು. ಮೀಟಿಂಗಿಗೆ ಕರೆಯುವುದಿಲ್ಲ, ಕರೆದರೆ ‘ನೀನು ಹೇಗಿದ್ದರೂ ಹೋಗುವವಳು’ ಎಂಬ ನೋಟ. ಊಟಕ್ಕೆ ಹೋಗುವ ಗುಂಪು ಒಂದು ದಿನ ಅವಳನ್ನು ಬಿಟ್ಟು ಹೋಯಿತಂತೆ. ಕೆಲಸ ಮಾತ್ರ ಕೊನೆಯ ದಿನ ಸಂಜೆಯವರೆಗೂ ಬಂತು.

ಕೆಲಸ ಮಾಡಲೇಬೇಕೆಂದು ಯಾವ ಕೋರ್ಟೂ ಅವಳನ್ನು ಕುರ್ಚಿಗೆ ಕಟ್ಟಿಹಾಕಲಾರದು. ಒಬ್ಬರ ಸ್ವಂತ ದುಡಿಮೆಯ ಕರಾರನ್ನು ಹಾಗೆ ಬಲವಂತವಾಗಿ ನಡೆಸಿಕೊಡುವುದಿಲ್ಲ. ಹೆಚ್ಚೆಂದರೆ ಕರಾರಿನ ಪ್ರಕಾರ ದುಡ್ಡು ಕಟ್ಟಬೇಕಾದೀತು. ಆದರೆ ಕಂಪನಿಯ ಕೈಯಲ್ಲಿ ಕೋರ್ಟಿಗಿಂತ ಗಟ್ಟಿಯಾದದ್ದೊಂದು ಇರುತ್ತದೆ, ರಿಲೀವಿಂಗ್ ಲೆಟರು. ಅದಿಲ್ಲದೆ ಮುಂದಿನವರು ಬಾಗಿಲು ತೆಗೆಯುವುದಿಲ್ಲ. ಹೊಸಬರು ಉಳಿದ ದಿನಗಳ ಸಂಬಳ ಕಟ್ಟಿ ಬಿಡಿಸಿಕೊಳ್ಳುವುದೂ ಉಂಟು, ‘ಬೈ ಔಟ್’ ಎನ್ನುತ್ತಾರೆ. ನಮ್ಮಮ್ಮ ಇದನ್ನು ಕೇಳಿದ್ದರೆ ದನದ ಸಂತೆ ಎಂದೇ ತಿಳಿಯುತ್ತಿದ್ದಳು.

ಮಾಲೀಕ ಕಳಿಸುವುದಾದರೆ ಎಷ್ಟು ದಿನ? ನಮ್ಮ ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ, ಆರು ತಿಂಗಳು ಬಿಡದೆ ದುಡಿದವರನ್ನು ಸರಿಯಾದ ಕಾರಣವಿಲ್ಲದೆ ತೆಗೆಯುವಂತಿಲ್ಲ. ತೆಗೆದರೂ ಒಂದು ತಿಂಗಳ ನೋಟೀಸು ಅಥವಾ ಆ ತಿಂಗಳ ಸಂಬಳ ಕೊಡಬೇಕು. ಕಾರ್ಖಾನೆಯ ಕೆಲಸಗಾರರನ್ನು ಕಡಿಮೆ ಮಾಡಲು 1947ರ ಕೈಗಾರಿಕಾ ವಿವಾದ ಕಾಯ್ದೆ ಹಾಕಿದ್ದ ತಿಂಗಳ ನೋಟೀಸು, ವರ್ಷಕ್ಕೆ ಹದಿನೈದು ದಿನದ ಪಗಾರದ ಲೆಕ್ಕ ಹೊಸ ಸಂಹಿತೆಯಲ್ಲೂ ಮುಂದುವರಿದಿದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಂಹಿತೆಗಳಲ್ಲಿ ನನಗೆ ಹಿಡಿಸಿದ್ದು ಇನ್ನೊಂದು: ಕೆಲಸ ಬಿಟ್ಟವರಿಗಾಗಲಿ ಬಿಡಿಸಿದವರಿಗಾಗಲಿ ಬಾಕಿ ವೇತನ ಎರಡು ಕೆಲಸದ ದಿನಗಳೊಳಗೆ ಕೈ ಸೇರಬೇಕು. ಮಗಳ ‘ಫುಲ್ ಅಂಡ್ ಫೈನಲ್’ ಬರಲು ನಲವತ್ತೈದು ದಿನ ಹಿಡಿದಿತ್ತು. ಅದು ಈ ಸಂಹಿತೆಗೆ ಮುಂಚಿನ ಮಾತು, ಬಿಡಿ.

ರಾಜೀನಾಮೆ ಎಂದಾಗ ನನಗೆ ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಸತೀಶ್ ಚಂದ್ರರ ಕಥೆ ಹೇಳದಿದ್ದರೆ ತಿಂದ ಅನ್ನ ಅರಗುವುದಿಲ್ಲ. 1977ರ ಮೇ 7ರಂದು ಅವರು ರಾಷ್ಟ್ರಪತಿಗಳಿಗೆ ರಾಜೀನಾಮೆ ಬರೆದರು, ಆಗಸ್ಟ್ 1ರಿಂದ ಜಾರಿ ಎಂದು. ಜುಲೈ 15ಕ್ಕೆ ಮನಸ್ಸು ಬದಲಾಯಿತು. ವಾಪಸು ತೆಗೆದುಕೊಂಡಿದ್ದೇನೆ ಎಂದು ಬರೆದರು. ಕೊಟ್ಟ ರಾಜೀನಾಮೆ ಹಿಂದಕ್ಕೆ ಹೇಗೆ ಬರುತ್ತದೆ ಎಂದು ವಕೀಲರೊಬ್ಬರು ಅವರದೇ ಹೈಕೋರ್ಟಿಗೆ ಹೋದರು. ಅಲ್ಲಿ ಬಹುಮತ ‘ಬರುವುದಿಲ್ಲ’ ಎಂದಿತು. ಸುಪ್ರೀಂ ಕೋರ್ಟು 1978ರಲ್ಲಿ, ಜಾರಿಯ ದಿನ ಇನ್ನೂ ಮುಂದಿರುವಾಗ ಮನಸ್ಸು ಬದಲಾಯಿಸಬಹುದು ಎಂದು ತೀರ್ಮಾನಿಸಿತು. ಅವರು ಮುಂದೆ ಅದೇ ಹೈಕೋರ್ಟಿಗೆ ಮುಖ್ಯ ನ್ಯಾಯಮೂರ್ತಿಯೂ ಆದರು. ನನಗೆ ಅನಿಸುವುದು, ನೋಟೀಸಿನ ದಿನಗಳು ಎದುರಿನವರಿಗೆಂದು ಇಟ್ಟದ್ದಾದರೂ ಅದರಲ್ಲಿ ಒಂದು ಪಾಲು ಕೊಡುವವನಿಗೂ ಇದೆ. ಕೋಪದಲ್ಲಿ ಬರೆದದ್ದನ್ನು ನಿಧಾನದಲ್ಲಿ ಓದಿಕೊಳ್ಳುವ ಪಾಲು. ‘ಇವತ್ತೇ ಬಿಟ್ಟೆ’ ಎಂದವನಿಗೆ ಆ ಪಾಲು ಇಲ್ಲ.

‘ಎಲ್ಲಾ ಸರಿ. ಕೆಲಸದವಳಿಗೆ ಎಷ್ಟು ದಿನ ಕೊಟ್ರಿ?’ ಎಂದರು ಅಂಚೆಯಣ್ಣ. ಸುಮ್ಮನೆ ಕೇಳಿದರೋ ಚುಚ್ಚಿದರೋ ತಿಳಿಯಲಿಲ್ಲ. ಅವರ ಮುಖ ಮೂವತ್ತು ವರ್ಷ ಬೇರೆಯವರ ಸಾವು, ಮದುವೆ, ಪಾಸು, ಫೇಲುಗಳನ್ನು ಹೊತ್ತು ತಿರುಗಿದ ಮುಖ. ಏನೂ ಬಿಟ್ಟುಕೊಡುವುದಿಲ್ಲ.

ನಮ್ಮ ಮನೆಯಲ್ಲಿ ಹನ್ನೆರಡು ವರ್ಷ ಪಾತ್ರೆ ತೊಳೆದವಳು ಅವಳು. ಮಗಳು ಪಾತ್ರೆ ತೊಳೆಯುವ ಮಿಷನ್ನು ಕಳಿಸಿದಳು. ಒಂದು ಶುಕ್ರವಾರ ಸಂಜೆ ನನ್ನಾಕೆ ‘ನಾಳೆಯಿಂದ ಬರೋದು ಬೇಡಮ್ಮ’ ಅಂದಳು. ನಾನು ಪೇಪರಿನ ಹಿಂದೆ ಇದ್ದೆ. ಆಕೆ ಕೈ ಒರೆಸಿಕೊಂಡು, ಹಿತ್ತಲ ಬಾಗಿಲ ಕೀಲಿಯನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟು ಹೋದಳು. ಅವಳೇ ಎಂದಾದರೂ ‘ನಾಳೆಯಿಂದ ಬರಲ್ಲಮ್ಮ’ ಎಂದಿದ್ದರೆ ನಾವು ಒಂದು ವಾರ ಬೀದಿಗೆಲ್ಲ ಕೇಳುವ ಹಾಗೆ ಆಡಿಕೊಳ್ಳುತ್ತಿದ್ದೆವು, ಹೇಳದೆ ಕೇಳದೆ ಕೈ ಕೊಟ್ಟಳು ಎಂದು. ಮನೆ ಅಂಗಡಿಯಲ್ಲ, ವಾಣಿಜ್ಯ ಸಂಸ್ಥೆಯಲ್ಲ. 1961ರ ಕಾಯ್ದೆ ನಮ್ಮ ಅಡುಗೆ ಮನೆಗೆ ಬರುವುದಿಲ್ಲ. ಬಾರದಿದ್ದರೂ ಒಂದು ತಿಂಗಳು ಮುಂಚೆ ಹೇಳಬಹುದಿತ್ತು, ಇಲ್ಲವೇ ಒಂದು ತಿಂಗಳ ಸಂಬಳ ಕೊಡಬಹುದಿತ್ತು. ನಾವು ಸೀರೆ ಕೊಟ್ಟೆವು. ಸಂಬಳ ಕೊಟ್ಟರೆ ಅದು ಅವಳ ಹಕ್ಕಾಗುತ್ತದೆ. ಸೀರೆಯಾದರೆ ನಮ್ಮ ದೊಡ್ಡತನ. ಊರಿನವರಿಗೆಲ್ಲ ನೋಟೀಸು ಟೈಪು ಮಾಡಿದವನು ಆ ಶುಕ್ರವಾರ ಪೇಪರು ಕೆಳಗಿಳಿಸಲಿಲ್ಲ. ಹಳ್ಳಿಯಲ್ಲಿ ನಮ್ಮಜ್ಜ ಯುಗಾದಿಯಿಂದ ಯುಗಾದಿಗೆ ಆಳು ಇಟ್ಟುಕೊಳ್ಳುತ್ತಿದ್ದ. ಮುಂದಿನ ವರ್ಷಕ್ಕೆ ಬೇಡವಾದರೆ ಶಿವರಾತ್ರಿಯ ಹೊತ್ತಿಗೇ ಹೇಳಿಬಿಡುತ್ತಿದ್ದ, ಬೇರೆ ಮನೆ ನೋಡಿಕೊಳ್ಳಲಿ ಎಂದು. ಅವನಿಗೆ ಓದು ಬರಹ ಬರುತ್ತಿರಲಿಲ್ಲ.

ಅಂಚೆಯಣ್ಣನಿಗೆ ಇದನ್ನೆಲ್ಲ ಹೇಳಲಿಲ್ಲ. ‘ಒಂದು ಸೀರೆ ಕೊಟ್ವಿ’ ಎಂದೆ. ಅವರು ‘ಹ್ಞೂಂ’ ಎಂದು ಕಾಫಿ ಲೋಟ ತಿರುಗಿಸಿದರು.

ನಮ್ಮ ಹುಡುಗನ ತಿಂಗಳ ಗಡುವು ಮುಗಿಯುವುದು ಸರಿಯಾಗಿ ಆಷಾಢದ ನಡುವಿಗೆ. ಆಷಾಢದಲ್ಲಿ ಹಾಲುಕ್ಕಿಸುವವರು ಯಾರು? ಟು-ಲೆಟ್ ಬೋರ್ಡು ಶ್ರಾವಣದವರೆಗೆ ಗಾಳಿಗೆ ಆಡಬೇಕು. ಸಂಸತ್ತು ನೂರಾರು ತಿದ್ದುಪಡಿ ತಂದರೂ ಪಂಚಾಂಗಕ್ಕೆ ತಂದಿಲ್ಲ. ಮೇಲಾಗಿ ಹುಡುಗನ ಅಡ್ವಾನ್ಸು ಹಿಂದಿರುಗಿಸಬೇಕು. ಹಳೆಯ ಬೆಂಗಳೂರಿನ ಪದ್ಧತಿಯಂತೆ ಹತ್ತು ತಿಂಗಳ ಬಾಡಿಗೆ ಇಸಿದುಕೊಂಡಿದ್ದೆ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಬೇಡ ಅನ್ನುತ್ತದೆ. ಅದು ಮಾದರಿ, ರಾಜ್ಯಗಳು ತಮ್ಮ ಕಾಯ್ದೆ ಮಾಡಿಕೊಂಡರೆ ಉಂಟು. ಮಾದರಿಗಳನ್ನು ಮೆಚ್ಚುವುದರಲ್ಲಿ ನಮ್ಮನ್ನು ಮೀರಿಸಿದವರಿಲ್ಲ. ಆ ಹತ್ತು ತಿಂಗಳ ದುಡ್ಡು ಎಲ್ಲಿದೆ? ಮಗಳ ಮದುವೆಯ ಛತ್ರದಲ್ಲಿದೆ. ಬಾಡಿಗೆದಾರ ನೋಟೀಸು ಕೊಟ್ಟಾಗ ಮಾಲೀಕನ ಎದೆ ಧಸಕ್ಕೆನ್ನುವುದು ಮನೆ ಖಾಲಿಯಾಗುತ್ತದೆಂದಲ್ಲ. ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವುದು ಕರಾರಿನಲ್ಲಿ ಬರೆದಿದೆ, ಸರಿ. ಉಳಿದದ್ದಕ್ಕೆ ಚೀಟಿ ಎತ್ತಬೇಕು.

‘ಎರಡು ತಿಂಗಳ ನೋಟೀಸು ಬರೆಸೋದೇ ವಾಸಿ ಹಾಗಾದ್ರೆ’ ಎಂದು ಅಂಚೆಯಣ್ಣ ಲೆಕ್ಕ ಹಾಕುವವರ ಹಾಗೆ ಆಕಾಶ ನೋಡಿದರು. ‘ಧಾರವಾಡದಲ್ಲಿ ಆಷಾಢದಲ್ಲಿ ಮಳೆ ಜಾಸ್ತಿಯಂತೆ, ಅಲ್ವಾ?’

‘ನನಗೇನು ಗೊತ್ತು? ನಿಮ್ಮ ಮಗನ್ನ ಕೇಳಿ, ಅಲ್ಲೇ ಇದಾನಲ್ಲ.’

‘ಕೇಳಿದೆ. ಜಾಸ್ತಿಯೇ ಅಂದ.’

ಅವರು ಒಳಗೆ ಹೋದರು. ನಾನು ಹಲ್ಲಿಗೆ ಸಿಕ್ಕಿದ ಏಲಕ್ಕಿ ತೆಗೆಯುತ್ತ ನಿಂತಿದ್ದೆ. ಕಾಫಿಗೆ ಏಲಕ್ಕಿ ಹಾಕುವುದು ನನ್ನಾಕೆಯ ಹೊಸ ಖಯಾಲಿ. ಅಂಚೆಯಣ್ಣ ಹೊರಗೆ ಬಂದಾಗ ಕೈಯಲ್ಲಿ ಎಣ್ಣೆ ಡಬ್ಬ. ಅದರಲ್ಲಿ ಗೇಣುದ್ದದ ಕರಿಬೇವಿನ ಮರಿ. ಹೋದ ತಿಂಗಳು ತುಳಸಿ ಕುಂಡ ದಾಟಿಸಿದ್ದರು. ಅದರ ಹಿಂದಿನ ವಾರ ದೊಡ್ಡಪತ್ರೆ. ‘ನಮ್ಮಲ್ಲಿ ಬಿಸಿಲು ಸಾಲದು’ ಎಂದಿದ್ದರು. ಅದಕ್ಕೂ ಮೊದಲು ತಮ್ಮ ಏಣಿ. ‘ನಿಮ್ಮ ಹತ್ತಿರವೇ ಇರಲಿ’ ಎಂದು. ನಾನು ಏಣಿಯನ್ನು ಒರಗಿಸಿಟ್ಟು, ಎಂಥ ಧಾರಾಳಿ ಎಂದು ಮೆಚ್ಚಿಕೊಂಡಿದ್ದೆ.

ಶ್ರೀರಾಮಪುರದ ಅಜ್ಜಿಯ ಅಣ್ಣನ ಮಗ ಆಗ ನೆನಪಾದ.

‘ಯಾವಾಗ?’ ಎಂದೆ.

‘ಶ್ರಾವಣ ಬರ್ತಿದ್ದ ಹಾಗೆ. ಮಗ ಬಿಡಲ್ಲ ಅಂತಾನೆ. ಮನೆ ಬಾಡಿಗೆಗೆ ಕೊಟ್ಟು ಹೋಗ್ತೀವಿ. ಕರಾರು ಮಾತ್ರ ನೀವೇ ಬರೆದುಕೊಡಬೇಕು, ಎರಡು ತಿಂಗಳ ನೋಟೀಸು ಹಾಕಿ. ಮಜ್ಜಿಗೆ ಹಾಕಿ ಇದಕ್ಕೆ, ಚೆನ್ನಾಗಿ ಚಿಗುರತ್ತೆ. ದೊಡ್ಡ ಮರದ ಎಲೆ ಹೊಸಬರು ಬಿಡಿಸೋಕೆ ಬಿಡ್ತಾರೋ ಇಲ್ವೋ.’

ಡಬ್ಬ ಗೋಡೆಯ ಮೇಲಿತ್ತು. ನಾನು ಕೈ ಹಿಂದಕ್ಕೆ ಕಟ್ಟಿಕೊಂಡೆ. ‘ನಾನು ತಗೊಳ್ಳಲ್ಲ’ ಎಂದೆ.

ಅಂಚೆಯಣ್ಣ ಡಬ್ಬವನ್ನು ಎರಡು ಬೆರಳಿನಿಂದ ನಮ್ಮ ಕಡೆಗೆ ಸರಿಸಿದರು. ‘ತಗೊಳ್ಳಲ್ಲ ಅಂದ್ರೂ ತಗೊಂಡ ಹಾಗೇ, ಸ್ವಾಮಿ. ಸುಪ್ರೀಂ ಕೋರ್ಟು ಹೇಳಿದೆಯಂತೆ’ ಎಂದು ಹೂಬುಟ್ಟಿ ಎತ್ತಿಕೊಂಡರು.